ಸುಡದೆ ಉಳಿದ ಕಾಗದಗಳು

ಅಕ್ಕಾ, ಒಂದು ನಿಮಿಷ ಬೇಲಿ ಹತ್ರ ಬನ್ನಿ, ಹೇಳ್ದೇ ಇರೋಕೆ ಆಗ್ತಿಲ್ಲ. ಡೇವಿಡ್ ಮೆಕಲ್ಲೋ ಬರೆದ ಜಾನ್ ಆಡಮ್ಸ್ ಜೀವನಚರಿತ್ರೆ ಓದ್ತಿದೀನಿ. ಅಮೆರಿಕದ ಎರಡನೇ ಅಧ್ಯಕ್ಷ, ಮ್ಯಾಸಚೂಸೆಟ್ಸಿನ ರೈತನ ಮಗ, ವಕೀಲ. 1770ರಲ್ಲಿ ಬಾಸ್ಟನ್ ಜನರ ಮೇಲೆ ಗುಂಡು ಹಾರಿಸಿದ ಬ್ರಿಟಿಷ್ ಸಿಪಾಯಿಗಳ ಪರವಾಗಿ, ಊರೇ ಕೆಂಡ ಕಾರ್ತಿದ್ದಾಗ, ಕೋರ್ಟಲ್ಲಿ ವಾದಿಸಿದವನು. ಗಟ್ಟಿ ಮನುಷ್ಯ. ಆದ್ರೆ ನಿನ್ನೆ ರಾತ್ರಿ ನನ್ನ ನಿದ್ದೆ ಕೆಡಿಸಿದ್ದು ಅವನ ಹೆಂಡತಿ ಅಬಿಗೈಲ್.

1776ರ ಜುಲೈ. ಅವನು ಫಿಲಡೆಲ್ಫಿಯಾದಲ್ಲಿ, ಸ್ವಾತಂತ್ರ್ಯ ಘೋಷಣೆಯ ಗಲಾಟೇಲಿ. ಇಲ್ಲಿ ಬಾಸ್ಟನ್ನಲ್ಲಿ ಸಿಡುಬು. ಈಕೆ ನಾಲ್ಕೂ ಮಕ್ಕಳನ್ನ ಕಟ್ಕೊಂಡು ಹೋಗಿ ಮೈಲಿ ಹಾಕಿಸ್ತಾಳೆ, ತಾನೂ ಹಾಕಿಸ್ಕೋತಾಳೆ.

ನಾವೂ ಮಕ್ಕಳಿಗೆ ಸೂಜಿ ಚುಚ್ಚಿಸ್ಲಿಲ್ವಾ ಅಂತೀರಾ? ಹಾಗಲ್ಲ ಅಕ್ಕಾ. ಜೆನ್ನರ್ ಹಸುವಿನ ಸಿಡುಬಿನಿಂದ ಲಸಿಕೆ ಮಾಡಿದ್ದು 1796ರಲ್ಲಿ. ಅದಕ್ಕೆ ಮುಂಚೆ, ರೋಗಿ ಮೈಮೇಲಿನ ಗುಳ್ಳೆಯ ಕೀವನ್ನೇ ತೋಳು ಗೀರಿ ಹಚ್ಚೋರು. ಬರೋದು ನಿಜವಾದ ಸಿಡುಬೇ, ಹಗುರವಾಗಿ ಬಂದು ಹೋಗ್ಲಿ ಅನ್ನೋ ಆಸೆ ಅಷ್ಟೇ. ಕೆಲವರು ಅದ್ರಲ್ಲೇ ಹೋಗ್ಬಿಡೋರು. ಆರು ವರ್ಷದ ಚಾರ್ಲ್ಸ್ ಜ್ವರ ಏರಿ ಎರಡು ದಿನ ಬಡಬಡಿಸ್ತಾ ಮಲಗಿದ್ದ. ಗಂಡನಿಗೆ ಬರೆದ್ರೆ ಕಾಗದ ತಲುಪೋಕೇ ವಾರ ಹಿಡಿಯೋದು. ಉಳ್ಕೊಂಡ ಅಕ್ಕಾ, ಎಲ್ಲರೂ ಉಳ್ಕೊಂಡ್ರು. ಅವನ ಅಣ್ಣ ಜಾನ್ ಕ್ವಿನ್ಸಿ, ಆಗ ಒಂಬತ್ತು ವರ್ಷದವನು, ಮುಂದೆ ಆರನೇ ಅಧ್ಯಕ್ಷನೇ ಆದ. ಅಂಥ ಸಂಕಟದ ಮಧ್ಯೇನೂ ಜುಲೈ 18ಕ್ಕೆ ಆಕೆ ಜನರ ನಡುವೆ ನಿಂತು, ಉಪ್ಪರಿಗೆ ಮೇಲಿಂದ ಘೋಷಣೆ ಓದಿದ್ದನ್ನ ಕೇಳಿಸ್ಕೊಂಡು ಬಂದ್ಲು.

ಇಂಥವಳು ಆ ಮಾರ್ಚಲ್ಲೇ ಗಂಡನಿಗೆ ಬರೆದಿದ್ಲು, ಹೊಸ ಕಾನೂನು ಮಾಡುವಾಗ ಹೆಂಗಸರನ್ನ ಮರೀಬೇಡಿ, ಲಗಾಮೆಲ್ಲ ಗಂಡಂದಿರ ಕೈಗೆ ಕೊಡ್ಬೇಡಿ ಅಂತ. ನಗು ಬರ್ತಿದೆ ಅಂತ ಉತ್ತರ ಬರೆದ ಪುಣ್ಯಾತ್ಮ! ಅದನ್ನ ಮಾತ್ರ ನನ್ನ ಕೈಲಿ ಕ್ಷಮಿಸೋಕಾಗಲ್ಲ. ಆ ದೇಶದ ಸಂವಿಧಾನದಲ್ಲಿ ಹೆಂಗಸರ ಮತದಾನದ ಹಕ್ಕು ಸೇರಿದ್ದು 1920ಕ್ಕೆ, ನೋಡಿ.

ಇಷ್ಟೆಲ್ಲ ಹೇಗೆ ಗೊತ್ತಾಯ್ತು ಅಂದ್ರಾ? ಗಂಡಹೆಂಡಿರ ಕಾಗದಗಳು ಸಾವಿರಕ್ಕೂ ಮೇಲೆ ಸಿಕ್ಕಿವೆ. ತನ್ನ ಕಾಗದ ಸುಟ್ಟುಬಿಡಿ ಅಂತ ಆಕೆ ಹೇಳಿದ್ಲು. ಹಾಗೆ ನಕ್ಕವನೇ, ಅದೇ ಏಪ್ರಿಲಲ್ಲಿ, ಅದು ನನ್ನಿಂದ ಆಗದ ಕೆಲ್ಸ ಅಂತ ಬರೆದ. ಒಂದೊಂದನ್ನೂ ಜೋಪಾನ ಮಾಡಿದ ಅಕ್ಕಾ.