ಪರ್ಸೆಂಟೇಜಣ್ಣ

ಪರ್ಸೆಂಟೇಜ್ ಅಂದ ಕೂಡಲೇ ಕಾಂಟ್ರಾಕ್ಟರು, ಕಮಿಷನ್ನು ಅಂತ ಕಿವಿ ನಿಮಿರಿಸಬೇಡಿ. ಇವರದು ಯಾರ ಜೇಬಿಗೂ ಹೋಗದ ಬಡಪಾಯಿ ಪರ್ಸೆಂಟೇಜು. ಯಾವ ಪಕ್ಷದ್ದು ಎಷ್ಟು ಗಟ್ಟಿ ವೋಟು, ಎಷ್ಟು ಅಲ್ಲಾಡೋ ವೋಟು, ಎಷ್ಟು ಹಿಂದಿನ ರಾತ್ರಿ ತೀರ್ಮಾನವಾಗೋ ವೋಟು ಅಂತ ನಿಂತ ಕಾಲಲ್ಲೇ ಹೇಳಬಲ್ಲ ಈ ಮಹಾನುಭಾವರು ರಾಜ್ಯದ 224 ಕ್ಷೇತ್ರಗಳಲ್ಲೂ ಇದ್ದಾರೆ. ಕಟಿಂಗ್ ಶಾಪಿನ ಬೆಂಚು, ಎಪಿಎಂಸಿ ಮಂಡಿ, ದರ್ಶಿನಿಯ ಕೈತೊಳೆಯೋ ಜಾಗದ ಪಕ್ಕದ ಟೇಬಲ್ಲು, ಎಲ್ಲಿ ಬೇಕಾದರೂ ಸಿಗುತ್ತಾರೆ. ಕೇಳಿದರೆ 'ನಾವು ನ್ಯೂಟ್ರಲ್' ಅನ್ನುತ್ತಾರೆ. ಯಾವ ಪಕ್ಷದ ಲೆಕ್ಕ ಬಂದಾಗ ಅವರ ದನಿ ಏರುತ್ತದೆ ಅನ್ನೋದು ಟೇಬಲ್ ಒರೆಸೋ ಹುಡುಗನಿಗೂ ಗೊತ್ತು.

ನಮ್ಮೂರ ಪರ್ಸೆಂಟೇಜಣ್ಣನಿಗೆ ಕ್ಯಾಲ್ಕುಲೇಟರ್ ಬೇಡ. ಪೇಪರಿನ ಅಂಚಲ್ಲಿ ಖಾಲಿ ಜಾಗ ಇದ್ದರೆ ಸಾಕು. ಬೈಟೂ ಕಾಫಿ ಪಕ್ಕಕ್ಕೆ ಸರಿಸಿ ಶುರು ಮಾಡುತ್ತಾರೆ: "ಒಟ್ಟು ವೋಟು ಎರಡು ಲಕ್ಷ ಅಂತ ಇಟ್ಕೊಳ್ರಿ. ಲಿಂಗಾಯತರು ಎಪ್ಪತ್ತು ಸಾವಿರ. ಒಕ್ಕಲಿಗರು ಅರವತ್ತು. ಕುರುಬರು ನಲವತ್ತೈದು. ಎಸ್‌ಸಿ, ಎಡ ಬಲ ಸೇರಿ ಐವತ್ತೈದು. ಮುಸ್ಲಿಮರು ನಲವತ್ತು. ನಾಯಕರು ಇಪ್ಪತ್ತೈದು. ಇತರೆ ಮೂವತ್ತು."

ಮೊಬೈಲಲ್ಲಿ ಕೂಡಿಸುತ್ತಿದ್ದ ಹುಡುಗನೊಬ್ಬ ತಲೆ ಎತ್ತಿದ. "ಅಣ್ಣಾ, ಮೂರು ಲಕ್ಷ ಇಪ್ಪತ್ತೈದು ಸಾವಿರ ಆಯ್ತಲ್ಲ?"

"ಅದೆಲ್ಲಾ ಆಯಾ ಸಮಾಜದ ಮುಖಂಡರೇ ಕೊಟ್ಟ ಲೆಕ್ಕ ಕಣಯ್ಯ. ಈಗ ಯಾರದ್ದು ಕಮ್ಮಿ ಮಾಡ್ಲಿ, ನೀನೇ ಹೇಳು. ಹೊರಗಡೆ ಓಡಾಡೋನು ನಾನು."

ಹುಡುಗ ಸುಮ್ಮನಾದ. ಜಾತಿಗಣತಿಯ ಕಡತ ಹಿಡಿದುಕೊಂಡು ಸರ್ಕಾರಗಳೇ ವರ್ಷಗಟ್ಟಲೆ ಒದ್ದಾಡಿರುವಾಗ ಒಂದು ಕಾಫಿ ಮುಗಿಯೋದರೊಳಗೆ ಈ ಮನುಷ್ಯ ಇನ್ನೆಷ್ಟು ಸರಿ ಮಾಡಿಯಾರು?

ಇವರ ಪ್ರತಿಭೆ ಪೂರ್ತಿ ಅರಳೋದು ಫಲಿತಾಂಶ ಬಂದಮೇಲೆ. 2018ರಲ್ಲಿ ಬಿಜೆಪಿಗೆ ಶೇ 36ರಷ್ಟು ಮತ, 104 ಸೀಟು. ಶೇ 38 ಪಡೆದ ಕಾಂಗ್ರೆಸ್ಸಿಗೆ ಎರಡನೇ ಸ್ಥಾನ. 2023ರಲ್ಲೂ ಬಿಜೆಪಿಗೆ ಅದೇ ಶೇ 36, ಸೀಟು ಮಾತ್ರ 66. ಹೇಗೆ ಸ್ವಾಮಿ ಅಂದರೆ, "ವೋಟ್ ಬ್ಯಾಂಕ್ ಇದ್ದ ಹಾಗೇ ಇದೆ. ಬ್ರಾಂಚು ಮುಚ್ಚಿದವು, ಅಷ್ಟೇ." ದಳದ ಹದಿನೆಂಟು ಹದಿಮೂರಾಯಿತು, ಕಾಂಗ್ರೆಸ್ಸಿನ ಮೂವತ್ತೆಂಟು ನಲವತ್ಮೂರಾಯಿತು, ಐದಕ್ಕೆ ಐದು ಟ್ಯಾಲಿ. ದಳ ಬಿಟ್ಟವರೇ ಕಾಂಗ್ರೆಸ್ಸಿಗೆ ಒತ್ತಿದ್ದನ್ನು ಇವರು ಮರೆಯಲ್ಲಿ ನಿಂತು ನೋಡಿದ್ದಾರೇನೋ ಅನ್ನಿಸಬೇಕು, ಹಾಗೆ ಹೇಳುತ್ತಾರೆ.

2024ರ ಲೋಕಸಭೆಯಲ್ಲಿ ಬಿಜೆಪಿ, ದಳ ಒಂದಾದಾಗ ಪೇಪರಿನ ಅಂಚಲ್ಲಿ ಕೂಡಿಸಿದ ಲೆಕ್ಕ ನಿಜಕ್ಕೂ ಕೂಡಿಬಂತು, 28ರಲ್ಲಿ 19 ಸೀಟು. ಆಮೇಲೆ ಅಣ್ಣನನ್ನು ಹಿಡಿಯೋರೇ ಇಲ್ಲ. ಕಾಫಿ ಕೂಡ ಬೈಟೂ ಬಿಟ್ಟು ಫುಲ್ ಆಯಿತು.

ಅದೇ ಗುಂಗಿನಲ್ಲಿ ಚನ್ನಪಟ್ಟಣದ ಉಪಚುನಾವಣೆ ಬಂತು. "ಇದಕ್ಕೆ ಎಲೆಕ್ಷನ್ ಯಾಕ್ರೀ, ದುಡ್ಡು ದಂಡ!" ಅಂದರು. 2023ರಲ್ಲಿ ಅಲ್ಲಿ ದಳದ ಕುಮಾರಸ್ವಾಮಿಯವರಿಗೆ 96 ಸಾವಿರ, ಬಿಜೆಪಿಯಿಂದ ನಿಂತಿದ್ದ ಯೋಗೇಶ್ವರ್ ಅವರಿಗೆ 80 ಸಾವಿರ, ಕಾಂಗ್ರೆಸ್ಸಿಗೆ ಬರೀ 15 ಸಾವಿರ. ಈಗ ದಳ, ಬಿಜೆಪಿ ಒಂದೇ ಕಡೆ. ಕೂಡಿಸಲು ಎರಡನೇ ಕ್ಲಾಸಿನ ಹುಡುಗ ಸಾಕು. ಅಷ್ಟರಲ್ಲಿ ಯೋಗೇಶ್ವರ್ ಕಾಂಗ್ರೆಸ್ ಸೇರಿ ಟಿಕೆಟ್ ತಂದರು, ದಳದಿಂದ ನಿಂತ ನಿಖಿಲ್ ಕುಮಾರಸ್ವಾಮಿಯವರನ್ನು 25 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಸೋಲಿಸಿದರು. 80 ಸಾವಿರ ವೋಟು ಪಕ್ಷದ್ದೋ, ಆಸಾಮಿಯದ್ದೋ ಅಂತ ಕೇಳಿಕೊಂಡು ಜನ ದರ್ಶಿನಿಗೆ ಬಂದರು. ಅಣ್ಣ ಎರಡು ದಿನ ನಾಪತ್ತೆ. ಮೂರನೇ ದಿನ ಬಂದು, "ನಾನು ಆವತ್ತೇ ಹೇಳಿರಲಿಲ್ವಾ, ಕ್ಯಾಂಡಿಡೇಟ್ ಫ್ಯಾಕ್ಟರ್ ಅಂತ?" ಅಂದರು. ಹೇಳಿರಲಿಲ್ಲ. ಯಾರೂ ಎದುರಾಡಲೂ ಇಲ್ಲ. ಎದುರಾಡಿದರೆ 1984ಕ್ಕೆ ಹೋಗುತ್ತಾರೆ.

1984ರ ಕೊನೆಯಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸು 28ರಲ್ಲಿ 24 ಗೆದ್ದಿತು. ಆಗ ಮುಖ್ಯಮಂತ್ರಿಯಾಗಿದ್ದ ಜನತಾ ಪಕ್ಷದ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. ಕೆಲವೇ ತಿಂಗಳಲ್ಲಿ, 1985ರ ಮಾರ್ಚಿನಲ್ಲಿ, ಇದೇ ಮತದಾರರು ಜನತಾ ಪಕ್ಷಕ್ಕೆ 139 ಸೀಟು ಕೊಟ್ಟರು. ಅಷ್ಟು ಕಡಿಮೆ ಅವಧಿಯಲ್ಲಿ ಯಾರ ಗಟ್ಟಿ ವೋಟು ಎಲ್ಲಿಗೆ ಹೋಯಿತು ಅನ್ನೋದನ್ನು ಅಣ್ಣ ಇವತ್ತಿಗೂ ಹೋಬಳಿವಾರು ಬಿಡಿಸಿ ಹೇಳಬಲ್ಲರು. ಕೇಳೋದಕ್ಕೆ ಮಧ್ಯಾಹ್ನದ ಊಟ ಬಿಡಬೇಕಾಗುತ್ತದೆ.

ಇವರನ್ನು ಕೆಣಕೋದಕ್ಕೆ ಒಂದೇ ದಾರಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಒಂದೇ ಒಂದು ವೋಟಿನಿಂದ ಧ್ರುವನಾರಾಯಣ ಅವರಿಗೆ ಸೋತದ್ದನ್ನು ನೆನಪಿಸಬೇಕು. ಅಣ್ಣನ ಲೆಕ್ಕದಲ್ಲಿ ಐದು ಸಾವಿರಕ್ಕಿಂತ ಸಣ್ಣ ನೋಟೇ ಇಲ್ಲ. ಮೊನ್ನೆ ಆ ಹುಡುಗ ಅದನ್ನೇ ಕೇಳಿದ.

"ಅದು ಲೆಕ್ಕದ ತಪ್ಪಲ್ಲ ಕಣಯ್ಯ," ಅಂದರು ಅಣ್ಣ, ಪೆನ್ನಿಗೆ ಕ್ಯಾಪು ಹಾಕುತ್ತಾ. "ಯಾವನೋ ಒಬ್ಬ ಬೂತಿಗೆ ಬರಲಿಲ್ಲ. ಅವನು ನಮ್ಮ ಪರ್ಸೆಂಟೇಜಲ್ಲಿ ಇದ್ದ."