ಐದೂಕಾಲು ಲಕ್ಷ ನಮಗೆ, ಮೂರು ಲಕ್ಷ ನಿಮಗೆ

ವಿದೇಶಾಂಗ ನೀತಿ ಅಂದ್ರೆ ದಿಲ್ಲಿಯಲ್ಲಿ ಕೂತವರ ವ್ಯವಹಾರ, ಅದು ನಮಗೆಂತದಕ್ಕೆ ಮಾರಾಯ್ರೇ ಎಂದು ಬೇಲಿಯಾಚೆಯಿಂದ ಮಾಸ್ಟ್ರು ಕೇಳಿದರು. ನಮ್ಮ ಸುಳ್ಯದಲ್ಲಿ ಬೆಳಕು ಹರಿಯುವ ಮೊದಲೇ ರಬ್ಬರ್ ಟ್ಯಾಪಿಂಗಿಗೆ ಹೋಗುವವರಲ್ಲಿ ಎಷ್ಟೋ ಮಂದಿಯ ಅಪ್ಪ ಅಮ್ಮ ಎಲ್ಲಿಂದ ಬಂದವರು ಮಾಸ್ಟ್ರೇ, ಅಂದೆ. ಸಿಲೋನಿನಿಂದ, ಅಂದರೆ ಈಗಿನ ಶ್ರೀಲಂಕಾದಿಂದ, ಅಂದರು. ಅವರನ್ನು ಕರೆತಂದದ್ದು ವಿದೇಶಾಂಗ ನೀತಿಯೇ ಅಲ್ವಾ?

ಬ್ರಿಟಿಷರ ಕಾಲದಲ್ಲಿ ಕಂಗಾಣಿಗಳು, ಅಂದರೆ ತೋಟಗಳಿಗೆ ಆಳು ಕೂಡಿಸುವ ಮೇಸ್ತ್ರಿಗಳು, ತಮಿಳು ಸೀಮೆಯಿಂದ ಇವರ ಹಿರಿಯರನ್ನು ಸಿಲೋನಿನ ಬೆಟ್ಟಗಳಿಗೆ ಕರೆದೊಯ್ದರು. ಮೊದಲು ಕಾಫಿ, ಆಮೇಲೆ ಚಹಾ. 1947ರ ಚುನಾವಣೆಯಲ್ಲಿ ತೋಟದವರು ವೋಟು ಹಾಕಿ ತಮ್ಮವರನ್ನು ಸಂಸತ್ತಿಗೆ ಕಳಿಸಿದರು, ಕೆಲವು ಕಡೆ ಎಡಪಕ್ಷಗಳಿಗೂ ಬಲವಾದರು. ಅಧಿಕಾರದಲ್ಲಿದ್ದವರಿಗೆ ಅದು ಸರಿಬರಲಿಲ್ಲ. 1948ರಲ್ಲಿ ಸಿಲೋನಿಗೆ ಸ್ವಾತಂತ್ರ್ಯ ಬಂತು, ಅದೇ ವರ್ಷ ಪೌರತ್ವ ಕಾನೂನೂ ಬಂತು: ಅಪ್ಪ ಇಲ್ಲೇ ಹುಟ್ಟಿದವನೆಂದು, ಇಲ್ಲವಾದರೆ ಅಜ್ಜ ಮುತ್ತಜ್ಜ ಇಬ್ಬರೂ ಇಲ್ಲೇ ಹುಟ್ಟಿದವರೆಂದು ದಾಖಲೆ ತನ್ನಿ! ಲೈನ್ ಮನೆಯಲ್ಲಿ ಹೆತ್ತವಳಿಗೆ ಯಾರು ದಾಖಲೆ ಬರೆದುಕೊಟ್ಟಿದ್ದರು? ಸುಮಾರು ಏಳು ಲಕ್ಷ ಜನಕ್ಕೆ ದೇಶವೇ ಇಲ್ಲದಂತಾಯಿತು. ಮರುವರ್ಷ ವೋಟೂ ಹೋಯಿತು.

ತಮಿಳರ ಬಲ ತಮ್ಮನ್ನು ಮೀರೀತೆಂಬ ಸಿಂಹಳೀಯರ ಹೆದರಿಕೆ ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ದ್ವೀಪದೊಳಗೆ ಅವರೇ ಹೆಚ್ಚು. ಸಮುದ್ರದಾಚೆ ನೋಡಿದರೆ ಕೋಟಿಗಟ್ಟಲೆ ತಮಿಳರು. ಆದರೆ ದೊಡ್ಡ ನೆರೆಯವನ ಮೇಲಿನ ಗುಮಾನಿಯನ್ನು ಚಹಾ ಚಿಗುರು ಕೊಯ್ಯುವ ಹೆಂಗಸಿನ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ?

ದಿಲ್ಲಿಯದ್ದೂ ತಪ್ಪಿದೆ ಮಾಸ್ಟ್ರೇ. ಅಲ್ಲೇ ಹುಟ್ಟಿ ಬೆಳೆದವರು ಅಲ್ಲಿನವರೇ ಎಂದು ನೆಹರೂ ಗಟ್ಟಿಯಾಗಿ ನಿಂತಿದ್ದರು. 1962ರಲ್ಲಿ ಚೀನಾದ ಎದುರು ಸೋತ ಮೇಲೆ ನಮಗೆ ನೆರೆಯವರ ಸ್ನೇಹ ತುರ್ತಾಗಿ ಬೇಕಾಯಿತು. 1964ರ ಅಕ್ಟೋಬರಿನಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ, ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಕೂತು ಈ ಜನರನ್ನು ಹಂಚಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದರು. ಆ ಹೊತ್ತಿನ ಲೆಕ್ಕಕ್ಕೆ ಒಟ್ಟು 9,75,000 ಜನ. ಭಾರತಕ್ಕೆ 5,25,000, ಸಿಲೋನಿಗೆ 3,00,000. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಇಂದಿರಾ ಗಾಂಧಿ ಕಾಲದಲ್ಲಿ ಸಮಪಾಲು ಮಾಡಿದರು. ಅಣ್ಣತಮ್ಮಂದಿರು ಅಡಿಕೆ ತೋಟ ಪಾಲು ಮಾಡುವಾಗಲೂ ಒಕ್ಕಲಿನವನನ್ನು ಒಂದು ಮಾತು ಕೇಳುತ್ತಾರೆ. ತೋಟ ಕಾರ್ಮಿಕರ ನಾಯಕ ತೊಂಡಮಾನ್ ಎಷ್ಟು ವಿರೋಧಿಸಿದರೂ ಲೆಕ್ಕ ಬದಲಾಗಲಿಲ್ಲ. ಭಾರತದ ಪೌರತ್ವಕ್ಕೆ ಅರ್ಜಿ ಹಾಕಿದವರು ಒಪ್ಪಂದದಲ್ಲಿ ಬರೆದಷ್ಟು ಆಗಲೇ ಇಲ್ಲ. ಜನರ ಮನಸ್ಸು ಎಲ್ಲಿತ್ತೆಂದು ಅದರಿಂದಲೇ ತಿಳಿಯುತ್ತದೆ.

ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದವರಲ್ಲಿ ಒಂದಷ್ಟು ಕುಟುಂಬಗಳು ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಬಂದವು. ಚಹಾ ಕೊಯ್ದ ಕೈಗಳು ಚೂರಿ ಹಿಡಿದು ಮರದ ತೊಗಟೆ ಕೆತ್ತಲು ಕಲಿತವು. ಭಾಷೆ ಹೊಸದು, ಮಳೆ ಹೊಸದು. ಮಕ್ಕಳು ಇಲ್ಲೇ ಹುಟ್ಟಿ ಇಲ್ಲಿನ ಶಾಲೆಗೇ ಹೋದರೂ ಜಾತಿ ಪ್ರಮಾಣಪತ್ರಕ್ಕೆ ಹೋದಾಗ ಮತ್ತೆ ಮೂಲ ಯಾವುದೆಂಬ ಪ್ರಶ್ನೆ. ಅಜ್ಜನಿಗೆ ಅಲ್ಲಿ ಕೇಳಿದ್ದನ್ನೇ ಮೊಮ್ಮಗನಿಗೆ ಇಲ್ಲಿ ಕೇಳಿದರು.

ಸಿಲೋನಿನಲ್ಲೇ ಉಳಿದು, ಯಾವ ಪೌರತ್ವವೂ ಇಲ್ಲದೆ ಇದ್ದವರನ್ನು ಶ್ರೀಲಂಕಾ ತನ್ನವರೆಂದು ಒಪ್ಪಿ ಕಾನೂನು ಮಾಡಿದ್ದು 2003ರಲ್ಲಿ. ಐವತ್ತೈದು ವರ್ಷ! ನೆರೆದೇಶದ ಜೊತೆ ಸಂಬಂಧ ಸುಧಾರಿಸಿತೆಂದು ಯಾರೇನೇ ಹೊಗಳಲಿ, 1964ರ ಆ ಸಹಿಯನ್ನು ನಾನಂತೂ ಗೆಲುವೆಂದು ಒಪ್ಪಲಾರೆ ಮಾಸ್ಟ್ರೇ.