ಡಬ್ಬಿ ತೂಗುವ ಅಣ್ಣಾರು

ಆಯುಧ ಪೂಜೆಯ ಸಂಜೆ ಕೊಪ್ಪಳ ಬಳಿಯ ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳ ಗೇಟಿನಲ್ಲಿ ಅಣ್ಣಾರನ್ನು ಗುರುತಿಸುವುದು ಸುಲಭ. ಉಳಿದವರು ಸಿಹಿ ಡಬ್ಬಿಯನ್ನು ಚೀಲಕ್ಕೆ ಸೇರಿಸಿ ಬಸ್ಸು ಹತ್ತಿದರೆ, ಅಣ್ಣಾರು ಮೊದಲು ಅಂಗೈ ಮೇಲಿಟ್ಟು ತೂಗುತ್ತಾರೆ. ‘ಹೋದ ವರ್ಷ ಅರ್ಧ ಕಿಲೋ ಇತ್ತು. ಈ ಸಲ ರಟ್ಟಿಂದೇ ಭಾರ ಐತಿ’ ಎಂಬ ತೀರ್ಪು, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರು ಮನೆ ಮುಟ್ಟುವ ಮೊದಲೇ ಊರು ಮುಟ್ಟಿರುತ್ತದೆ.

ಅಣ್ಣಾರು ಇಪ್ಪತ್ತು ವರ್ಷ ದಾಟಿದ ಪರ್ಮನೆಂಟ್ ಆಸಾಮಿ. ಮನೆಯ ಗೋಡೆ ಗಡಿಯಾರ, ಹಾಟ್‌ಬಾಕ್ಸು, ಕೊಡೆ, ಸ್ಟೀಲ್ ಬಾಟಲಿ ಎಲ್ಲದರ ಮೇಲೂ ಕಂಪನಿಯ ಮುದ್ರೆ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ಹಂಚಿದ ಟೀಶರ್ಟುಗಳಲ್ಲೇ ಮನೆಯ ಹುಡುಗರು ಬೆಳೆದಿದ್ದಾರೆ. ‘ಸುರಕ್ಷತೆಯೇ ಮೊದಲು’ ಎಂದು ಬೆನ್ನ ಮೇಲೆ ಹೊತ್ತ ಮೊಮ್ಮಗ ಸಾಮಾನ್ಯವಾಗಿ ಬೇವಿನ ಮರದ ತುದಿಯಲ್ಲಿ ಸಿಗುತ್ತಾನೆ.

ಕಂಪನಿಯ ಲಾಭ ನಷ್ಟ ತಿಳಿಯಲು ಅಣ್ಣಾರಿಗೆ ಪೇಪರು ಬೇಡ. ‘ಚೀನಾದಾಗ ಉಕ್ಕಿನ ದರ ಬಿತ್ತಂದ್ರ ಕೊಪ್ಪಳದಾಗ ಕಾಜು ಕತ್ಲಿ ಹೋಗಿ ಸೋನ್‌ಪಾಪಡಿ ಬರತೈತಿ’ ಎನ್ನುತ್ತಾರೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿ, ಸುತ್ತಲಿನ ಕಬ್ಬಿಣದ ಕಾರ್ಖಾನೆಗಳಿಗೆ ಅದಿರಿನ ಬರ ಬಂದ ಕಾಲವನ್ನು ಅವರು ‘ಡಬ್ಬಿ ಸಣ್ಣದಾದ ವರ್ಷ’ ಎಂದೇ ನೆನೆಯುತ್ತಾರೆ.

2018ರ ದೀಪಾವಳಿಗೆ ಸೂರತ್ತಿನ ವಜ್ರದ ವ್ಯಾಪಾರಿ ಸಾವಜಿ ಢೋಲಕಿಯಾ ನೌಕರರಿಗೆ 600 ಕಾರು ಕೊಟ್ಟರೆಂಬ ಸುದ್ದಿ ಅಣ್ಣಾರ ನೆಮ್ಮದಿ ಕೆಡಿಸಿತು. ಬೆಂಗಳೂರಿನ ಇನ್ಫೋಸಿಸ್ 1990ರ ದಶಕದಲ್ಲೇ ನೌಕರರಿಗೆ ಷೇರು ಹಂಚಿ ಎಷ್ಟೋ ಮಂದಿಯನ್ನು ಶ್ರೀಮಂತರನ್ನಾಗಿಸಿದ್ದು ತಿಳಿದ ಮೇಲೆ ಎರಡು ದಿನ ಕ್ಯಾಂಟೀನಿನ ಚಹಾ ರುಚಿಸಲಿಲ್ಲ. ಮೂರನೇ ದಿನ ಸಮಾಧಾನ ಹುಡುಕಿಕೊಂಡರು: ‘ಕಾರಿಗೆ ಪೆಟ್ರೋಲ್ ಯಾರ ಹಾಕ್ತಾರ? ಕಂಪನಿ ಕೊಟ್ಟ ಕುಕ್ಕರಿಗೆ ಆ ಚಿಂತಿ ಇಲ್ಲ.’

ಬೋನಸ್ಸಿನ ಲೆಕ್ಕವೇ ಬೇರೆ. ಕಾಯ್ದೆ ಗೆರೆ ಹಾಕಿದಂತೆ ಅರ್ಹರಿಗೆ ಕನಿಷ್ಠ ಶೇ. 8.33, ಗರಿಷ್ಠ ಶೇ. 20. 8.33 ಎಂದರೆ ಹನ್ನೆರಡರಲ್ಲೊಂದು ಪಾಲು, ಸುಮಾರು ಒಂದು ತಿಂಗಳ ಪಗಾರ ಎಂದು ಅಣ್ಣಾರು ಹೊಸಬರಿಗೆ ಬೆರಳು ಮಡಚಿ ಹೇಳಿಕೊಡುತ್ತಾರೆ. ‘ಬೋನಸ್ ಹಕ್ಕು, ಡಬ್ಬಿ ಪ್ರೀತಿ. ಹಕ್ಕು ಕಡಿಮಿ ಆದ್ರ ಯೂನಿಯನ್ ಐತಿ. ಪ್ರೀತಿ ಕಡಿಮಿ ಆದ್ರ ಯಾರ ಮುಂದ ಹೇಳೂದು?’

ಗೇಟಿನಲ್ಲಿ ಡಬ್ಬಿ ತೂಗಿ ಬೈಯುತ್ತಿರುವಾಗಲೇ ಕಾಂಟ್ರ್ಯಾಕ್ಟ್ ಹುಡುಗನೊಬ್ಬ ಬರಿಗೈಲಿ ಬಂದು ನಿಲ್ಲುತ್ತಾನೆ. ಅವನ ಹೆಸರು ಡಬ್ಬಿಯ ಪಟ್ಟಿಯಲ್ಲಿಲ್ಲ. ಅಣ್ಣಾರು ಬೈಗುಳ ನಿಲ್ಲಿಸಿ ಡಬ್ಬಿ ತೆರೆದು ಹಿಡಿಯುತ್ತಾರೆ. ಹುಡುಗ ಎರಡು ತುಂಡು ಎತ್ತಿಕೊಂಡು ಮೂರನೆಯದಕ್ಕೆ ಕೈ ಹಾಕಿದಾಗ ಮುಚ್ಚಳ ಬೀಳುತ್ತದೆ.

‘ತಿಂಗಳ ಉತ್ತಮ ಕಾರ್ಮಿಕ’ನ ಫೋಟೋಕ್ಕೂ ಅಣ್ಣಾರು ಒಮ್ಮೆ ಆಯ್ಕೆಯಾದರು. ಯಾವ ಕೆಲಸಕ್ಕೆಂದು ಯಾರೂ ಹೇಳಲಿಲ್ಲ. ಹಿಂದಿನ ತಿಂಗಳು ಪಕ್ಕದ ವಿಭಾಗದ್ದಾಗಿತ್ತು, ಈ ತಿಂಗಳು ಇವರ ವಿಭಾಗದ ಪಾಳಿ. ಆಮೇಲೆ ಕಾರ್ಮಿಕರ ಹುರುಪು ಅಳೆಯಲೆಂದು ಎಚ್ಚಾರ್ ಸಾಹೇಬರು ಫಾರಂ ಹಂಚಿದರು. ‘ನಿಮಗೆ ಏನು ಬೇಕು?’ ಎಂಬ ಸಾಲಿನಲ್ಲಿ ಅಣ್ಣಾರು ಬರೆದರು: ‘ಹೆಸರು ಸರಿ ಬರೀರಿ.’ ಪ್ರಶಸ್ತಿ ಪತ್ರದಲ್ಲಿ ಅವರಪ್ಪನ ಹೆಸರು ಬಂದಿತ್ತು.

ಓವರ್‌ಟೈಮ್ ಎಂದರೆ ನಡು ನೋವು ಎನ್ನುವ ಇದೇ ಅಣ್ಣಾರು ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಬಂತೆಂದರೆ ರಜೆ ಹಾಕಿ ಮಹಾದಾಸೋಹಕ್ಕೆ ಓಡುತ್ತಾರೆ. ಹಳ್ಳಿಹಳ್ಳಿಯಿಂದ ಗಾಡಿಗಟ್ಟಲೆ ಜೋಳದ ರೊಟ್ಟಿ ಬರುವ, ಲಕ್ಷಗಟ್ಟಲೆ ಮಿರ್ಚಿ ಕರಿಯುವ ಜಾಗ ಅದು. ಪಗಾರವಿಲ್ಲ, ಡಬ್ಬಿಯಿಲ್ಲ. ಎಚ್ಚಾರ್ ಸಾಹೇಬರು ಪ್ರಸಾದಕ್ಕೆ ಬಂದವರು ಕಡಾಯಿ ಮುಂದೆ ಬೆವರುತ್ತಿದ್ದ ಅಣ್ಣಾರನ್ನು ಕಂಡು ಬೆರಗಾದರು. ‘ಏನ್ರೀ ಇದು, ಇಷ್ಟು ಹುರುಪು?’

‘ಮಾತು ಆಮೇಲೆ ಆಡೋಣ್ರಿ ಸಾಹೇಬ್ರ. ಕೈ ತೊಳಕೊಂಡು ಬರ್ರಿ, ಹಿಟ್ಟು ಕಲಸಾಕ ಮಂದಿ ಕಡಿಮಿ ಬಿದ್ದಾರ.’